ಕೊನೆಯ ಕೌಂಟರಿನಲ್ಲಿ ಕೂತು ನೋಡು

ಮಗು, ಕೆಲಸ ಸಿಕ್ಕ ಸುದ್ದಿ ಹೇಳಲು ಮೆಟ್ರೋ ಹಿಡಿದು ರಾಜರಾಜೇಶ್ವರಿನಗರದ ಮನೆತನಕ ಬಂದೆಯಲ್ಲ, ಅವತ್ತು ಸಂತೋಷದಲ್ಲಿ ನಾನು ಹೇಳಬೇಕಾದ್ದನ್ನು ಹೇಳಲೇ ಇಲ್ಲ. ಹಳ್ಳಿಯ ಸಹಕಾರ ಸಂಘಗಳನ್ನು ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ಜೋಡಿಸುವುದು ನಿನ್ನ ಕೆಲಸ. ನಿನ್ನ ದೊಡ್ಡಮ್ಮ ಬ್ಯಾಂಕಿನ ಶಾಖೆಗಳನ್ನು ಹಾಗೆ ಜೋಡಿಸುತ್ತಲೇ ನಿವೃತ್ತಳಾದವಳು. ಅದಕ್ಕೇ ಬರೆಯುತ್ತಿದ್ದೇನೆ.

2022ರ ಜೂನ್ 29ರಂದು ಕೇಂದ್ರ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಯೋಜನೆ ಒಪ್ಪಿತು. ಊರಿನಲ್ಲಿ ಅಷ್ಟುದ್ದದ ಹೆಸರನ್ನು ಯಾರೂ ಹೇಳುವುದಿಲ್ಲ. ಸೊಸೈಟಿ ಅನ್ನುತ್ತಾರೆ, ಇಲ್ಲವೇ ವಿಎಸ್ಎಸ್ಎನ್. ಬೆಳೆಸಾಲಕ್ಕೂ ಗೊಬ್ಬರಕ್ಕೂ ಅಲ್ಲಿಗೇ ಹೋಗುತ್ತಾರೆ. ನಮ್ಮ ರಾಜ್ಯದಲ್ಲಿ ಇಂಥ ಸಂಘ ಮೊದಲು ಹುಟ್ಟಿದ್ದು 1905ರಲ್ಲಿ, ಗದಗದ ಕಣಗಿನಹಾಳದಲ್ಲಿ. ನೀನು ಮುಟ್ಟುವ ಲೆಡ್ಜರುಗಳ ಹಿಂದೆ ಅಷ್ಟು ಕಾಲದ ನಂಬಿಕೆ ಇದೆ.

ನಾನು ಕೆಲಸಕ್ಕೆ ಸೇರಿದಾಗ ಶಾಖೆಯ ಲೆಕ್ಕ ಶಾಖೆಯಲ್ಲೇ ಇರುತ್ತಿತ್ತು. 1984ರಲ್ಲಿ ಬ್ಯಾಂಕುಗಳಿಗೆ ಯಂತ್ರ ತರುವ ಬಗ್ಗೆ ರಂಗರಾಜನ್ ಸಮಿತಿ ವರದಿ ಕೊಟ್ಟ ಮೇಲೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಆದರೂ ಒಂದು ಶಾಖೆಯ ಲೆಕ್ಕ ಇನ್ನೊಂದಕ್ಕೆ ಗೊತ್ತಾಗುತ್ತಿರಲಿಲ್ಲ. ಶಾಖೆ ಶಾಖೆಗಳ ನಡುವಿನ ಜಮಾ ಖರ್ಚು ತಾಳೆಯಾಗುವುದಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ಶಾಖೆಗಳನ್ನೆಲ್ಲ ಒಂದೇ ಕೇಂದ್ರಕ್ಕೆ ಜೋಡಿಸುವ ಕೋರ್ ಬ್ಯಾಂಕಿಂಗ್ ಬಂದು ಆ ಕಷ್ಟ ನೀಗಿತು. ಆ ಕೆಲಸದಲ್ಲಿ ನನ್ನ ಕೈಯೂ ಇತ್ತು ಅನ್ನುವ ಹೆಮ್ಮೆ ಇವತ್ತಿಗೂ ಇದೆ.

ಆದರೆ ಒಂದು ಸೋಮವಾರವನ್ನು ನಾನು ಮರೆಯಲಾರೆ. ಮಲೆನಾಡಿನ ಒಂದು ಶಾಖೆಯನ್ನು ಭಾನುವಾರ ಕೇಂದ್ರಕ್ಕೆ ಜೋಡಿಸಿದ್ದೆವು. ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಲೈನ್ ಹೋಯಿತು. ಗಿರವಿ ಇಟ್ಟ ಸರವನ್ನು ಮಗಳ ಮದುವೆಗೆ ಬಿಡಿಸಲು ಒಬ್ಬಾಕೆ ದುಡ್ಡು ಹಿಡಿದು ಬಂದಿದ್ದರು. ಸರ ಹತ್ತೇ ಮಾರು ದೂರದ ತಿಜೋರಿಯಲ್ಲಿತ್ತು. ಬಾಕಿ ಎಷ್ಟೆಂದು ಹೇಳುವ ಕಂಪ್ಯೂಟರ್ ಬೆಂಗಳೂರಿನಲ್ಲಿತ್ತು. ಆಕೆ ಬೆಂಚಿನ ಮೇಲೆ ಸಂಜೆಯವರೆಗೆ ಕೂತರು. ಕೊನೆಗೆ ಮ್ಯಾನೇಜರು ಶನಿವಾರ ಅಚ್ಚು ಹಾಕಿಟ್ಟಿದ್ದ ಬಾಕಿಪಟ್ಟಿ ತೆಗೆದು, ಕೈಯಲ್ಲೇ ಬಡ್ಡಿ ಲೆಕ್ಕ ಹಾಕಿ, ತಮ್ಮ ಜವಾಬ್ದಾರಿಯ ಮೇಲೆ ಸರ ಕೊಟ್ಟು ಕಳಿಸಿದರು. ಇನ್ನು ಮುಂದೆ ಆ ಪಟ್ಟಿ ಅಚ್ಚು ಹಾಕಬೇಕಾಗಿಲ್ಲ ಎಂಬ ಸುತ್ತೋಲೆಯ ಕರಡು ಬರೆದವಳು ನಾನು. ಅಂದು ಕೇಂದ್ರದಲ್ಲಿ ನಮ್ಮ ಪರದೆಯ ಮೇಲೆ ಇನ್ನೂರು ಹಸಿರು ಚುಕ್ಕಿಗಳ ನಡುವೆ ಒಂದು ಕೆಂಪು ಚುಕ್ಕಿ ಇತ್ತು, ಅಷ್ಟೇ. ಆ ಚುಕ್ಕಿಯೊಳಗೆ ಒಬ್ಬ ತಾಯಿ ಕೂತಿದ್ದಾಳೆ ಅನ್ನುವುದು ನಮಗೆ ಕಾಣಲಿಲ್ಲ.

ಆದ್ದರಿಂದ ಮಗು, ನಿನ್ನ ನಕ್ಷೆಯನ್ನು ಕೇಂದ್ರದಿಂದ ಶುರು ಮಾಡಬೇಡ. ಅತಿ ದೂರದ ಸಂಘದ ಕೌಂಟರಿನಿಂದ ಶುರು ಮಾಡು. ಲೈನ್ ಹೋಗಿಯೇ ಹೋಗುತ್ತದೆ. ಹೋದಾಗ ಅಲ್ಲಿಯ ಸೆಕ್ರೆಟರಿ ಏನು ಮಾಡಬೇಕೆಂದು ಮೊದಲೇ ಬರೆದುಕೊಡು. ನಂಬರು ಹಾಕಿದ ರಸೀದಿ ಪುಸ್ತಕ, ಎಷ್ಟು ಮೊತ್ತದವರೆಗೆ ಕೊಡಬಹುದೆಂಬ ಮಿತಿ, ಲೈನ್ ಬಂದ ಮೇಲೆ ರಸೀದಿಗಳನ್ನು ಕಂಪ್ಯೂಟರಿಗೆ ಯಾರು ಏರಿಸಬೇಕು, ಯಾರು ತಾಳೆ ನೋಡಬೇಕು. ಒಂದೇ ರಸೀದಿ ಎರಡು ಸಲ ಏರಿದರೆ ರೈತನ ಸಾಲದ ಲೆಕ್ಕ ಸುಳ್ಳಾಗುತ್ತದೆ.

ಎರಡು ಲೈನ್ ಕೊಟ್ಟಿದ್ದೇವೆ ಎಂದು ಕಂಪನಿಯವರು ಹೇಳಿದರೆ, ಅವೆರಡೂ ಯಾವ ದಾರಿಯಲ್ಲಿ ಬರುತ್ತವೆ ಎಂದು ನಡೆದು ಹೋಗಿ ನೋಡು. ಒಂದೇ ಕಾಲುವೆಯಲ್ಲಿ ಹಾಸಿದ ಎರಡು ಕೇಬಲ್ಲನ್ನು ಜೆಸಿಬಿ ಒಂದೇ ಏಟಿಗೆ ಕತ್ತರಿಸುತ್ತದೆ. ನಮ್ಮ ಬಡಾವಣೆಯಲ್ಲಿ ರಸ್ತೆ ಅಗೆದಾಗಲೆಲ್ಲ ನೀನೇ ನೋಡಿದ್ದೀಯ. ಕೇಬಲ್ ಹೋಗದ ಕಡೆ ವಿಸ್ಯಾಟ್, ಅಂದರೆ ಉಪಗ್ರಹದ ತಟ್ಟೆ, ಇಡುತ್ತೀರಿ. ಒಳ್ಳೆಯದೇ, ಆದರೆ ಜೋರು ಮಳೆಗೆ ಅದರ ಸಂಕೇತ ಕುಂದುತ್ತದೆ. ಮತ್ತೆ ಅದರ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಪ್ರಶ್ನೆ ಹತ್ತಿ ಇಳಿದು, ಉತ್ತರ ಹತ್ತಿ ಇಳಿಯುವಷ್ಟರಲ್ಲಿ ಅರ್ಧ ಸೆಕೆಂಡು ಕಳೆಯುತ್ತದೆ. ಒಂದು ವಹಿವಾಟಿಗೆ ತಂತ್ರಾಂಶ ಇಪ್ಪತ್ತು ಸಲ ಕೇಂದ್ರವನ್ನು ಕೇಳಿದರೆ ಹತ್ತು ಸೆಕೆಂಡು. ಸರದಿಯಲ್ಲಿ ಅರವತ್ತು ಜನ ನಿಂತಿದ್ದರೆ ನೀನೇ ಗುಣಿಸಿ ನೋಡು. ಲೈನಿನ ವೇಗ ಹೆಚ್ಚಿಸಿದರೆ ಇದು ಹೋಗುವುದಿಲ್ಲ. ಕೇಳುವ ಸಲಗಳನ್ನು ಕಡಿಮೆ ಮಾಡಿ ಎಂದು ತಂತ್ರಾಂಶ ಬರೆಯುವವರ ಹತ್ತಿರ ಪಟ್ಟು ಹಿಡಿ.

ಅರ್ಥಿಂಗ್ ಸಣ್ಣ ವಿಷಯ ಅಂದುಕೊಳ್ಳಬೇಡ. ಸಿಡಿಲಿಗೆ ಸುಟ್ಟ ಮೋಡೆಮ್‌ಗಳನ್ನು ನಾನು ಮೂಟೆಗಟ್ಟಲೆ ಕಂಡಿದ್ದೇನೆ. ಯುಪಿಎಸ್ ಬ್ಯಾಟರಿಯ ವಯಸ್ಸನ್ನು ಗೋಡೆಯ ಮೇಲೆ ಬರೆಸು.

ಹಳೆಯ ಲೆಕ್ಕ ಏರಿಸುವಾಗ ಆತುರ ಪಡಬೇಡ. ಒಂದೇ ಊರಲ್ಲಿ ನಾಲ್ಕು ಜನ ಕೃಷ್ಣಪ್ಪಂದಿರು ಇರುತ್ತಾರೆ, ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದಾಗ ಒಬ್ಬನೇ ಕೃಷ್ಣಪ್ಪ ಮೂರು ಜನ ಆಗುತ್ತಾನೆ. ಯಾರು ಯಾರೆಂದು ಗೊತ್ತಿರುವುದು ಅಲ್ಲಿಯ ಹಳೆಯ ಗುಮಾಸ್ತರಿಗೆ. ಅವರಿಗೆ ಕಂಪ್ಯೂಟರ್ ಬಾರದೆಂದು ಬದಿಗೆ ಕೂರಿಸಬೇಡ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರಿಸು.

ಇನ್ನೊಂದು. ಎಲ್ಲವನ್ನೂ ಒಂದೇ ಕಡೆ ಜೋಡಿಸಿದಾಗ ಆ ಕಡೆಯ ಕಾಯಿಲೆಯೂ ಹಳ್ಳಿಗೆ ಬರುತ್ತದೆ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ಸೇವೆ ಕೊಡುವ ಸಿ-ಎಡ್ಜ್ ಸಂಸ್ಥೆಯ ವ್ಯವಸ್ಥೆಗೆ ರಾನ್ಸಮ್‌ವೇರ್ ದಾಳಿಯಾಯಿತು. ಪಾವತಿ ಜಾಲದಿಂದ ಅದನ್ನು ಬೇರ್ಪಡಿಸಬೇಕಾಗಿ ಬಂದು, ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ತೊಂದರೆಯಾಯಿತು. ಇಂಥ ದಾಳಿಗೆ ಬಾಗಿಲು ಹಳ್ಳಿಯ ಕೌಂಟರಿನಿಂದಲೂ ತೆರೆಯಬಹುದು. ಹಾಗೆಂದು ಕ್ಯಾಲೆಂಡರಿನ ಹಿಂದೆ ಪಾಸ್‌ವರ್ಡ್ ಬರೆದಿಟ್ಟ ಸೆಕ್ರೆಟರಿಯನ್ನು ಗದರಬೇಡ. ಅದು ಯಾಕೆ ತಪ್ಪು ಎಂದು ಕೂತು, ಕನ್ನಡದಲ್ಲಿ, ಅವರಿಗೆ ತಿಳಿಯುವ ಹಾಗೆ ಹೇಳು.

ಮೊದಲ ಸಂಘವನ್ನು ಜೋಡಿಸುವ ಮುಂಚೆ, ಯಂತ್ರಗಳಿನ್ನೂ ಪೆಟ್ಟಿಗೆಯಲ್ಲಿರುವಾಗಲೇ, ಒಂದು ಸಂತೆಯ ದಿನ ಆ ಕೌಂಟರಿನ ಒಳಗಡೆ ಬೆಳಗಿನಿಂದ ಸಂಜೆಯವರೆಗೆ ಕೂತು ಬಾ. ಬಂದವರು ಏನೇನು ಕೇಳಿದರು ಎಂದು ಬರೆದುಕೋ. ಆ ಪಟ್ಟಿಯನ್ನು ತಂದು ನನಗೂ ತೋರಿಸು.