ಭಾಷಣಕ್ಕೆ ಮೊದಲು ನೆಲದ ಮೇಲೊಂದು ನಕ್ಷೆ

ಹವಾಮಾನದ ಏರುಪೇರನ್ನು ತಾಳಿಕೊಳ್ಳುವುದು ಹೇಗೆಂದು ಊರಿನಲ್ಲಿ ಚರ್ಚೆ ನಡೆಸುವವರು ದಯವಿಟ್ಟು ಭಾಷಣದಿಂದ ಆರಂಭಿಸಬೇಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆ ಕೈಕೊಟ್ಟಿದ್ದನ್ನು ಆ ಜನಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ಕೊಳವೆಬಾವಿ ಬತ್ತಿ, ಕೆರೆಯ ಕೆಳಗಿನ ಇನ್ನೊಂದು ಏಕೆ ಉಳಿಯಿತು ಎಂಬುದೇ ಕೇಳಬೇಕಾದ ಪ್ರಶ್ನೆ. ಅದರ ಉತ್ತರ ಊರಿನವರಲ್ಲೇ ಹಂಚಿಹೋಗಿರುತ್ತದೆ. ಕಾಲುವೆ ಎಲ್ಲಿ ಹೂಳು ತುಂಬಿದೆಯೆಂದು ನೀರುಗಂಟಿಗೆ ಗೊತ್ತು, ಮೇವು ಯಾವ ತಿಂಗಳಿಗೆ ಮುಗಿಯುತ್ತದೆಂದು ಹಸು ಕಟ್ಟಿದವಳಿಗೆ ಗೊತ್ತು. ಇದನ್ನೆಲ್ಲ ಒಂದೆಡೆ ತರಲು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಊರಿನ ನಕ್ಷೆ ಬರೆಸಿ. ಬತ್ತಿದ ಬಾವಿಗೆ ಕಲ್ಲು, ನೀರಿರುವುದಕ್ಕೆ ಹಸಿರೆಲೆ ಇಡಿಸಿ. ಓದುಬರಹ ಬಾರದವರೂ ಕಡ್ಡಿ ಹಿಡಿದು ಅದನ್ನು ತಿದ್ದುತ್ತಾರೆ. ಪರದೆಯ ಮೇಲಿನ ಚಿತ್ರವನ್ನು ಯಾರೂ ತಿದ್ದುವುದಿಲ್ಲ.

ಜನರನ್ನು ಮಾತಾಡಲು ಬಿಟ್ಟರೆ ಪರಿಹಾರದ ಹಣ, ಹಳೇ ಜಗಳ ಇವೇ ಬರುತ್ತವೆ ಎಂಬ ಆಕ್ಷೇಪವಿದೆ. ಬರಲಿ. ಬೆಳೆ ಕಳೆದುಕೊಂಡವರು ಪರಿಹಾರ ಕೇಳುವುದು ವಿಷಯಾಂತರವಲ್ಲ; ಪಟ್ಟಿಯಿಂದ ಯಾರು ಬಿಟ್ಟುಹೋದರು ಎಂದು ಹುಡುಕಿದಾಗಲೇ ಪಹಣಿಯಲ್ಲಿ ಹೆಸರಿಲ್ಲದ ಗುತ್ತಿಗೆ ರೈತರು ಕಣ್ಣಿಗೆ ಬೀಳುತ್ತಾರೆ. ವಿಜ್ಞಾನ ಬೇಡವೇ ಎಂದರೆ, ಖಂಡಿತ ಬೇಕು. ಅಂತರ್ಜಲದ ಮಟ್ಟ, ಹೋಬಳಿಯ ಮಳೆಯ ಅಂಕಿ ನಿಮ್ಮ ಕೈಯಲ್ಲಿರಲಿ, ಆದರೆ ನಕ್ಷೆ ಮುಗಿದ ಮೇಲೆ ಹೊರತೆಗೆಯಿರಿ. ದೊಡ್ಡ ದನಿಯ ನಾಲ್ಕು ಮಂದಿಯೇ ಸಭೆಯನ್ನು ನುಂಗುವ ಅಪಾಯ ಮಾತ್ರ ನಿಜ. ಅದಕ್ಕೇ ಹೆಂಗಸರು ಮೊದಲು ಬೇರೆ ಕೂತು ತಮ್ಮದೇ ನಕ್ಷೆ ಬರೆಯಲಿ. ಎರಡೂ ನಕ್ಷೆಗಳಲ್ಲಿ ವ್ಯತ್ಯಾಸ ಕಂಡ ಜಾಗದಿಂದಲೇ ಚರ್ಚೆ ಎತ್ತಿಕೊಳ್ಳಿ. ತೀರ್ಮಾನವನ್ನು ಗ್ರಾಮಸಭೆಯ ನಡಾವಳಿಗೆ ಅಂದೇ ಬರೆಸಿ.