ಈದ ಹಸುವಿನ ಯಕೃತ್ತು

ಕರು ಹಾಕುವುದಕ್ಕೆ ಮೊದಲಿನ ಮೂರು ವಾರ ಮತ್ತು ಅನಂತರದ ಮೂರು ವಾರ, ಹೆಚ್ಚು ಹಾಲು ಕರೆಯುವ ಹಸುವಿಗೆ ಗಂಡಾಂತರದ ಕಾಲ. ಭೌತಶಾಸ್ತ್ರವನ್ನು ಓದುವ ನಮಗೆ ಕೊಟ್ಟಿಗೆಯಲ್ಲೇನು ಕೆಲಸವೆಂದು ವಿದ್ಯಾರ್ಥಿಗಳು ಕೇಳಬಹುದು. ಶಕ್ತಿಯ ನಿತ್ಯತ್ವದ ನಿಯಮ ಅಲ್ಲಿಯೂ ನಡೆಯುತ್ತದೆ. ಈ ಕಾಯಿಲೆಯ ಬೇರು ಇರುವುದೂ ಶಕ್ತಿಯ ಜಮಾಖರ್ಚಿನಲ್ಲಿಯೇ.

600 ಕಿಲೋಗ್ರಾಂ ತೂಕದ ಹೋಲ್‌ಸ್ಟೀನ್ ಫ್ರೀಸಿಯನ್ ಹಸುವೊಂದು ದಿನಕ್ಕೆ 30 ಕಿಲೋ ಹಾಲು ಕೊಡುತ್ತದೆಂದು ಇಟ್ಟುಕೊಳ್ಳೋಣ. ಒಂದು ಕಿಲೋ ಹಾಲಿನಲ್ಲಿ ಸುಮಾರು 700 ಕಿಲೋಕ್ಯಾಲೊರಿ ಶಕ್ತಿಯಿರುವುದರಿಂದ ಹಾಲಿಗೆ 21,000 ಬೇಕು. ದೇಹಧಾರಣೆಗೆ ಸುಮಾರು 10,000. ಒಟ್ಟು ಖರ್ಚು 31,000. ಈದ ಹೊಸದರಲ್ಲಿ ಹಸಿವು ಮಂದ. ನೀರಿನ ಅಂಶ ಕಳೆದು 14 ಕಿಲೋ ಮೇವು ತಿಂದಿತೆನ್ನೋಣ. ಕಿಲೋ ಒಂದಕ್ಕೆ 1,600ರಂತೆ ಜಮೆಯಾಗುವುದು 22,400 ಮಾತ್ರ. ಉಳಿದ 8,600ನ್ನು ತರುವುದೆಲ್ಲಿಂದ? ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದ. ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಕೊಬ್ಬು ಕರಗಬೇಕಾಗುತ್ತದೆ.

ಕರಗಿದ ಕೊಬ್ಬು ಮೇದಾಮ್ಲಗಳಾಗಿ ರಕ್ತದಲ್ಲಿ ಹರಿದು ಬರುತ್ತದೆ. ಅದರ ಗಣನೀಯ ಪಾಲನ್ನು ಯಕೃತ್ತು ಹೀರಿಕೊಳ್ಳುತ್ತದೆ. ಆದರೆ ಯಕೃತ್ತಿಗೆ ಆಗಲೇ ಇನ್ನೊಂದು ದೊಡ್ಡ ಕೆಲಸವಿದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೇವಿನ ಸಕ್ಕರೆ ಪಿಷ್ಟಗಳನ್ನು ಹುದುಗಿಸಿ ಆಮ್ಲಗಳನ್ನಾಗಿ ಮಾಡಿಬಿಡುವುದರಿಂದ, ಹಸುವಿಗೆ ಆಹಾರದಿಂದ ನೇರವಾಗಿ ದೊರೆಯುವ ಗ್ಲೂಕೋಸ್ ಅತ್ಯಲ್ಪ. ಮೇಲಿನ 30 ಕಿಲೋ ಹಾಲಿನಲ್ಲಿರುವ ಸುಮಾರು 1.4 ಕಿಲೋ ಹಾಲುಸಕ್ಕರೆಗೆ ಬೇಕಾದ ಗ್ಲೂಕೋಸನ್ನು ಯಕೃತ್ತು ಮುಖ್ಯವಾಗಿ ಪ್ರೊಪಿಯಾನಿಕ್ ಆಮ್ಲದಿಂದ ತಯಾರಿಸಬೇಕು. ಮೇವು ಕಡಮೆಯಾದಂತೆ ಈ ಆಮ್ಲವೂ ಕಡಮೆ.

ಬಂದ ಮೇದಾಮ್ಲಗಳಲ್ಲಿ ಕೆಲವು ಪೂರ್ಣವಾಗಿ ಉರಿಯುತ್ತವೆ. ಕೆಲವು ಅರೆಬರೆ ಉರಿದು ಕೀಟೋನುಗಳಾಗುತ್ತವೆ. ಮಿಕ್ಕವು ಮತ್ತೆ ಕೊಬ್ಬಾಗುತ್ತವೆ. ಆ ಕೊಬ್ಬನ್ನು ಹೊರಗೆ ಸಾಗಿಸುವುದರಲ್ಲಿ ಹಸುವಿನ ಯಕೃತ್ತು ಬಹಳ ನಿಧಾನ. ಆದುದರಿಂದ ಅದು ಅಲ್ಲಿಯೇ ಶೇಖರವಾಗುತ್ತದೆ. ಹಸಿದ ಪ್ರಾಣಿಯ ಯಕೃತ್ತಿನಲ್ಲಿ ಕೊಬ್ಬು ತುಂಬುವ ವಿಚಿತ್ರವಿದು! ಹಸು ಹಿಂಡಿಯನ್ನು ಮೂಸಿ ಬಿಡುತ್ತದೆ, ಉಸಿರಿನಲ್ಲಿ ಅಸಿಟೋನಿನ ಸಿಹಿವಾಸನೆ ಬರುತ್ತದೆ, ಹಾಲು ಇಳಿಯುತ್ತದೆ. ತಿನ್ನದಿದ್ದರೆ ಕೊರತೆ ಇನ್ನೂ ಹೆಚ್ಚಾಗುವುದರಿಂದ ಕೆಲವು ಹಸುಗಳು ಸತ್ತೇಹೋಗುತ್ತವೆ. ಒಂದೇ ಹಸುವಿನ ಹಾಲನ್ನು ನಂಬಿದ ಮನೆಗೆ ಇದು ಸಣ್ಣ ಪೆಟ್ಟಲ್ಲ.

ಗಬ್ಬದ ಹಸುವನ್ನು ಚೆನ್ನಾಗಿ ಕೊಬ್ಬಿಸಿದರೆ ಇಡುಗಂಟು ಬೆಳೆದೀತೆಂದು ಎಣಿಸುವುದು ಸಹಜವಾದರೂ ಸರಿಯಲ್ಲ. ಅತಿ ಕೊಬ್ಬಿದ ಹಸು ಈದಮೇಲೆ ಇನ್ನೂ ಕಡಮೆ ತಿನ್ನುತ್ತದೆ, ಇನ್ನೂ ಹೆಚ್ಚು ಕೊಬ್ಬನ್ನು ಕರಗಿಸುತ್ತದೆ. ಮೈಕಟ್ಟನ್ನು 1ರಿಂದ 5ರವರೆಗೆ ಅಳೆಯುವ ಪದ್ಧತಿಯಲ್ಲಿ, ಈಯುವಾಗ 3ರಿಂದ 3.5 ಇದ್ದರೆ ಸಾಕು. ಉಳುಮೆಗೆ ಹೆಸರಾದ ನಮ್ಮ ಹಳ್ಳಿಕಾರ್, ಅಮೃತಮಹಲ್ ತಳಿಗಳ ಹಾಲು ಅಲ್ಪವಾದುದರಿಂದ ಅವುಗಳಲ್ಲಿ ಕೊರತೆಯೂ ಅಲ್ಪ. ಎಚ್ಚರ ಬೇಕಾದುದು ಹೆಚ್ಚು ಹಾಲಿನ ಮಿಶ್ರತಳಿಗಳಿಗೆ. ಕಾಯಿಲೆ ತೋರಿದಾಗ ಪಶುವೈದ್ಯರು ರಕ್ತನಾಳಕ್ಕೆ ಗ್ಲೂಕೋಸ್ ಕೊಡುತ್ತಾರೆ. ಯಕೃತ್ತು ಸಕ್ಕರೆಯಾಗಿ ಮಾರ್ಪಡಿಸಬಲ್ಲ ಪ್ರೊಪಿಲೀನ್ ಗ್ಲೈಕಾಲನ್ನು ಕುಡಿಸುತ್ತಾರೆ. ಹೊರಲಕ್ಷಣಗಳು ಕಾಣುವ ಮೊದಲೇ ರಕ್ತದಲ್ಲಿ ಕೀಟೋನ್ ಏರಿರುತ್ತದೆ. ಅಂಗೈಯಲ್ಲಿ ಹಿಡಿಯುವ ಸಣ್ಣ ಉಪಕರಣವೊಂದು ಈಗ ಒಂದು ತೊಟ್ಟು ರಕ್ತದಿಂದಲೇ ಅದನ್ನು ಅಳೆಯುತ್ತದೆ.