ಮರಗಡಜವೂ ಕಡಜಪತಂಗವೂ

ಬ್ರಿಟನ್ ದೇಶದ ವನಗಳಲ್ಲಿ ಬೇಸಗೆಯ ಕಾಲಕ್ಕೆ ಸಂಚರಿಸುವವರು ಹಳದಿ ಕಪ್ಪು ಬಣ್ಣದ ಎರಡು ದೊಡ್ಡ ಕೀಟಗಳನ್ನು ಕಂಡು, ಕಡಜವೆಂದು ಭ್ರಮಿಸಿ ಓಡುವುದುಂಟು; ಹೊಡೆದು ಕೊಲ್ಲುವುದೂ ಉಂಟು. ಆದರೆ ಇವೆರಡರಲ್ಲಿ ಒಂದೂ ಕಡಜವಲ್ಲ, ಒಂದೂ ಮನುಷ್ಯರನ್ನು ಕುಟುಕುವುದಿಲ್ಲ. ಒಂದು ಗರಗಸನೊಣಗಳ ಬಳಗಕ್ಕೆ ಸೇರಿದ ಮರಗಡಜ; ಮತ್ತೊಂದು ಕಡಜಪತಂಗ. ಇವೆರಡನ್ನೂ ಹೋಲಿಸಿ ನೋಡೋಣ.

ಮರಗಡಜಕ್ಕೆ ಲಿನೀಯಸ್ ಪಂಡಿತನು 1758ರಲ್ಲಿ ‘ಗೀಗಾಸ್’, ಅಂದರೆ ದೈತ್ಯ, ಎಂದು ಹೆಸರಿಟ್ಟನು. ಹೆಣ್ಣು ಸುಮಾರು 4 ಸೆಂಟಿಮೀಟರು ಉದ್ದ ಬೆಳೆಯುತ್ತದೆ. ಅದರ ಹಿಂಭಾಗದಲ್ಲಿ ಚಾಚಿಕೊಂಡಿರುವ ಸೂಜಿಯನ್ನು ವಿಷದ ಮುಳ್ಳೆಂದು ಜನರು ಅಂಜುತ್ತಾರೆ. ಅದಾದರೋ ಮೊಟ್ಟೆಯಿಡುವ ಸಾಧನ. ಇದರಿಂದ ಅದು ಪೈನ್, ಸ್ಪ್ರೂಸ್ ಮೊದಲಾದ ಮರಗಳಲ್ಲಿ ಸೊರಗಿದವನ್ನೂ ಕಡಿದುರುಳಿಸಿದವನ್ನೂ ಕೊರೆದು, ಮೊಟ್ಟೆಯೊಡನೆ ಒಂದು ಬಗೆಯ ಶಿಲೀಂಧ್ರವನ್ನೂ ಒಳಗೆ ಬಿಡುತ್ತದೆ. ಆ ಶಿಲೀಂಧ್ರವು ಮರವನ್ನು ಮೆದುಮಾಡಿ ಮರಿಹುಳುವಿನ ಪೋಷಣೆಗೆ ನೆರವಾಗುತ್ತದೆ. ಹುಳು ಎರಡು ಮೂರು ವರುಷ ಮರದೊಳಗೇ ಇರುವುದರಿಂದ, ಆ ಮರವನ್ನು ಕೊಯ್ದು ಮನೆ ಕಟ್ಟಿದ ಮೇಲೆ ತೊಲೆಯೊಳಗಿಂದ ಕೀಟವು ಹೊರಬಂದು ಮನೆಯವರನ್ನು ಬೆರಗುಗೊಳಿಸುವುದೂ ಉಂಟು.

ಕಡಜಪತಂಗದ ಹುಳುವೂ ಮರವನ್ನೇ ಕೊರೆದು ಎರಡು ಮೂರು ವರುಷ ಬಾಳುತ್ತದೆ. ಆದರೆ ಅದರ ವಾಸವು ನೀರವಂಜಿ ಜಾತಿಯ ಮರಗಳ ಬುಡದಲ್ಲಿಯೂ ಬೇರಿನಲ್ಲಿಯೂ. ಸಾಮಾನ್ಯವಾಗಿ ಜೂನ್, ಜುಲೈ ತಿಂಗಳ ಮುಂಜಾನೆಗಳಲ್ಲಿ ಪತಂಗವು ಹೊರಬರುತ್ತದೆ. ಪತಂಗಗಳ ರೆಕ್ಕೆಗಳ ಮೇಲೆ ಪುಡಿಯಂತಹ ಹುರುಪೆಗಳಿರುವವಷ್ಟೆ. ಇದರ ರೆಕ್ಕೆಗಳಾದರೋ ಬಹುಭಾಗ ಬರಿದಾಗಿ ಗಾಜಿನಂತೆ ಪಾರದರ್ಶಕವಾಗಿವೆ. ಕಪ್ಪು ತಲೆಯ ಹಿಂದೆ ಹಳದಿಯ ಕೊರಳಪಟ್ಟಿಯುಂಟು.

ಇವುಗಳನ್ನು ಗುರುತಿಸುವ ಬಗೆ ಹೇಗೆ? ಮೊದಲು ಸೊಂಟವನ್ನು ನೋಡಬೇಕು. ಕಡಜಕ್ಕೆ ಸೊಂಟ ಬಹು ಸಣ್ಣ. ಇವೆರಡಕ್ಕೂ ಮೈ ಒಂದೇ ಸಮನಾಗಿ ದಪ್ಪ. ಅನಂತರ ಹಿಂಭಾಗವನ್ನು ನೋಡಬೇಕು. ಉದ್ದನೆಯ ಸೂಜಿಯಿದ್ದರೆ ಅದು ಹೆಣ್ಣು ಮರಗಡಜ, ಪತಂಗಕ್ಕೆ ಅದಿಲ್ಲ. ಪತಂಗದ ರೆಕ್ಕೆಯ ಅಂಚಿನಲ್ಲಿಯೂ ನರಗಳ ಮೇಲೆಯೂ ಕಂದು ಹುರುಪೆಗಳು ಉಳಿದಿರುತ್ತವೆ.

ಬೇರೆ ಬೇರೆ ಕುಲದವುಗಳಿಗೆ ಒಂದೇ ವೇಷವೇಕೆ? ಕಡಜದ ಕುಟುಕಿಗೆ ಅಂಜುವ ಹಕ್ಕಿಗಳು ಅದನ್ನು ಹೋಲುವವುಗಳನ್ನೂ ಬಿಟ್ಟುಬಿಡುತ್ತವೆ. ಇಂತಹ ಅನುಕರಣವನ್ನು ಹೆನ್ರಿ ಬೇಟ್ಸ್ ಎಂಬ ವಿದ್ವಾಂಸನು ಅಮೆಜಾನ್ ಕಾಡಿನ ಚಿಟ್ಟೆಗಳಲ್ಲಿ ಕಂಡು, 1862ರಲ್ಲಿ ವಿವರಿಸಿ ಪ್ರಕಟಿಸಿದನು. ಆದರೆ ಹಕ್ಕಿಯಿಂದ ಕಾಪಾಡುವ ಆ ವೇಷವೇ ಮನುಷ್ಯನ ಕೈಯಲ್ಲಿ ಮರಣಕ್ಕೆ ಕಾರಣವಾಗುವುದು ಶೋಚನೀಯ. ಕೈಯೆತ್ತುವುದಕ್ಕೆ ಮುಂಚೆ ಒಂದು ಗಳಿಗೆ ಕಣ್ಣಿಟ್ಟು ನೋಡುವುದೇ ಪ್ರಕೃತಿಪಾಠದ ಮೊದಲ ಅಭ್ಯಾಸವೆಂದು ನಾವು ತಿಳಿಯೋಣ.